ಏಸಿಯ ಬೆನ್ನಿಗೆ ನೂರು ರೊಟ್ಟಿ

“ನಾನು ಬೆಳಿಗ್ಗೆ ಎದ್ದು ಅಡುಗೆ ಮಾಡುದೇ ಇಲ್ಲ ಸ್ನೇಹಾ! ಎಂತಕ್ಕೆ ಮಾಡ್ಬೇಕು? ಶುಕ್ರವಾರ ಇಗರ್ಜಿಗೆ ಹೋಗಿ ಬಂದದ್ದೇ, ಬಟ್ಟೆ ಬದಲಾಯಿಸಿ ಅಡುಗೆಮನೆಗೆ ಹೊಕ್ಕೆ ಅಂದ್ರೆ ಸಂಜೆಗೆ ಐದು ದಿನದ ಡಬ್ಬಿ ರೆಡಿ, ಗುರುವಾರ ಶುಕ್ರವಾರ ಸ್ಕೂಲಿಗೆ ರಜೆ ಅಲ್ವಾ. ಶನಿವಾರಕ್ಕೆ ಕಟ್ಲೆಟ್, ಆದಿತ್ಯವಾರಕ್ಕೆ ಲಿಂಬೆ ಅನ್ನ, ಸೋಮವಾರಕ್ಕೆ ಸ್ಯಾಂಡ್‌ವಿಚ್ಚಿನ ಒಳಗೆ ಹಾಕ್ಲಿಕ್ಕೆ ಪಲ್ಯ, ಮಂಗಳವಾರಕ್ಕೆ ಅಕ್ಕಿತರಿಯ ಪುಂಡಿ, ಬುಧವಾರಕ್ಕೆ ಪುನಃ ಕಟ್ಲೆಟ್, ಆದ್ರೆ ಬೀಟ್‌ರೂಟ್ ಹಾಕಿದ್ದು. ಆಲ್ರೊಯ್‌ಗೆ ನೀಲಿ ಮುಚ್ಚಳ, ಶರ್ಲಿಗೆ ಕೆಂಪು. ಎಲ್ಲ ಸಾಲಾಗಿ ಫ್ರೀಜರಿನ ಒಳಗೆ ಇಟ್ಟು ನೋಡಿದ್ರೆ ಮಕ್ಕಳು ಅಸೆಂಬ್ಲಿಗೆ ನಿಂತ ಹಾಗೆ ಕಾಣ್ತದೆ! ಬೆಳಿಗ್ಗೆ ಬಿಸಿ ಮಾಡುದು, ಬ್ಯಾಗಿಗೆ ಹಾಕುದು, ಮುಗೀತು. ಐದೂವರೆಗೆ ನಂಗೆ ಆಸ್ಪತ್ರೆಯ ಬಸ್ಸು ಬರ್ತದೆ, ನಾನು ಲಿಪ್‌ಸ್ಟಿಕ್ ಸಹ ಹಚ್ಚಿಕೊಂಡು ಹೋಗ್ತೇನೆ ಗೊತ್ತುಂಟಾ? ನಿಮ್ಮ ಅತ್ತೆಯವರು ಪಾಪ, ಈ ಪ್ರಾಯದಲ್ಲಿ ನಾಲ್ಕೂವರೆಗೆ ಎದ್ದು ಪಟಪಟ ಪಟಪಟ ಅಂತ ರೊಟ್ಟಿ ಬಡೀತಾರೆ. ನಮ್ಮ ಗೋಡೆಗೆ ಕೇಳ್ತದೆ. ಒಂದು ಡೀಪ್ ಫ್ರೀಜರ್ ತೆಕ್ಕೊಳ್ಳಿ ಮಾರಾಯ್ರೆ. ಅಮ್ಮನಿಗೆ ಸ್ವಲ್ಪ ರೆಸ್ಟ್ ಆಗ್ಲಿ!”

ಹೀಗೆಂದವಳು ಎದುರು ಮನೆಯ ಫ್ರೀಡಾ. ಆಸ್ಪತ್ರೆಯಲ್ಲಿ ನರ್ಸು. ಎಲ್ಲಿ ನಿಂತು ಅಂದಳು? ನಮ್ಮ ಹೊಸ್ತಿಲ ಮೇಲೆ ನಿಂತು! ಯಾರಿಗೆ ಅಂದಳು? ನನ್ನ ಸೊಸೆಗೆ! ನಾನು ಎಲ್ಲಿದ್ದೆ? ಬಾಗಿಲ ಹಿಂದೆ, ಬೆಳ್ಳುಳ್ಳಿ ಸುಲಿಯುತ್ತಾ ಕುಳಿತಿದ್ದೆ. ಕದ್ದು ಕೇಳುವ ಚಟ ನನಗಿಲ್ಲ. ಬೆಳ್ಳುಳ್ಳಿ ಸುಲಿಯುವಾಗ ಕೈಗೆ ಕೆಲಸ ಇರುತ್ತದೆ, ಕಿವಿಗೆ ಇರುವುದಿಲ್ಲ, ಅಷ್ಟೇ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಹೆಸರು ಕಲ್ಲವ್ವ. ಊರು ಚಿಕ್ಕೋಡಿ ಕಡೆ. ಓದಿದ್ದು ಮೂರನೇ ಇಯತ್ತೆ, ಅದೂ ಎರಡು ಸಲ. ಮಗ ಬಾಳಾಸಾಹೇಬ ಕುವೈತಿನಲ್ಲಿ ಏಸಿ ರಿಪೇರಿ ಮಾಡುವ ಟೆಕ್ನಿಷಿಯನ್. ಸೊಸೆ ಸ್ನೇಹಾ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗ ಅನಿಕೇತ ಮೂರನೇ ಕ್ಲಾಸು, ಅಂದರೆ ವಿದ್ಯೆಯಲ್ಲಿ ನಾವಿಬ್ಬರೂ ಸಮಾನರು. ಕುವೈತಿನ ಫರ್ವಾನಿಯಾ ಬಡಾವಣೆಯ ಮೂರನೇ ಮಾಳಿಗೆಯ ಈ ಮನೆಯಲ್ಲಿ ನನಗೆ ಇರುವ ಹುದ್ದೆ ಒಂದೇ: ಅನಿಕೇತನ ಡಬ್ಬಿ. ದಿನಾ ಬೆಳಿಗ್ಗೆ ಬಿಸಿ ರೊಟ್ಟಿ, ಮೇಲೆ ತುಪ್ಪ, ಪಕ್ಕದಲ್ಲಿ ಶೇಂಗಾ ಚಟ್ನಿ. ಮೂರು ವರ್ಷದಿಂದ ಒಂದು ದಿನವೂ ರಜೆ ತೆಗೆದುಕೊಂಡವಳಲ್ಲ.

ಆ ಸಂಜೆ ಸ್ನೇಹಾ ನಗುನಗುತ್ತಾ ಬಂದು ಹೇಳಿದಳು: “ಅತ್ತಿ, ಫ್ರೀಡಾ ಆಂಟಿ ಮಾಡಿದಂಗ ನಾವೂ ಮಾಡೂಣ್ರಿ. ನಿಮಗ ಆರಾಮ ಆಕೈತಿ.”

ಅದಕ್ಕೆ ಬಾಳಾಸಾಹೇಬ ಚಹಾದ ಕಪ್ಪು ಕೆಳಗಿಟ್ಟು, “ಹೌದು ಬೇ ಅವ್ವಾ. ಡಬ್ಬಿ ಚಿಂತಿ ತಪ್ಪಿತಂದ್ರ ನೀನೂ ಈ ಸಲ ಊರಿಗೆ ಹೋಗಿ ಆರ್ ತಿಂಗಳ ಆರಾಮ ಇದ್ದು ಬಾ” ಎಂದ.

ನೋಡಿದಿರಾ! ಫ್ರೀಜರ್ ಒಳಗೆ ಬಂತು, ಕಲ್ಲವ್ವ ಹೊರಗೆ! ಆರಾಮ ಎಂಬ ಮಾತು ಎಷ್ಟು ಮೆತ್ತಗಿದೆ ನೋಡಿ. ಮುದಿ ಎತ್ತಿನ ಹೆಗಲಿನಿಂದ ನೊಗ ಇಳಿಸುವಾಗಲೂ ಜನ ಅದನ್ನೇ ಹೇಳುತ್ತಾರೆ. ಆಮೇಲೆ ಎತ್ತು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ನನಗೆ ಊರಿನ ಮೇಲೆ ಸಿಟ್ಟಿಲ್ಲ. ಆದರೆ ಮೊಮ್ಮಗನ ಡಬ್ಬಿಯನ್ನು ಒಂದು ಐಸಿನ ಪೆಟ್ಟಿಗೆಗೆ ಒಪ್ಪಿಸಿ ಹೋಗಲು ನಾನೇನು ಕಲ್ಲೇ? ಹೆಸರಷ್ಟೇ ಹಾಗಿದೆ.

ಇದಕ್ಕೆ ತುಪ್ಪ ಸುರಿಯುವಂತೆ ಅನಿಕೇತ ಟಿವಿ ಮುಂದಿನಿಂದ, “ಯೆಸ್ ಅಜ್ಜಿ! ಆಲ್ರೊಯ್ಸ್ ಲಂಚ್ ಈಸ್ ದ ಬೆಸ್ಟ್!” ಎಂದ. ಫ್ರೀಡಾಳ ಮಗ ಆಲ್ರೊಯ್ ಇವನದೇ ಕ್ಲಾಸು.

ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ! ಬೆಸ್ಟ್ ಅಂತೆ! ನನ್ನ ಹೊಟ್ಟೆಯಲ್ಲಿ ಎದ್ದ ಕಿಚ್ಚಿನ ಮೇಲೆ ಹಂಚು ಇಟ್ಟಿದ್ದರೆ ಹತ್ತು ರೊಟ್ಟಿ ಬೇಯುತ್ತಿದ್ದವು. ಪಿತ್ತ ಎಂದು ಸುಳ್ಳು ಹೇಳುವುದಿಲ್ಲ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ.

ನಾನು ತಾಳ್ಮೆಯವಳು. ಹಾಗಾಗಿ ತಾಳ್ಮೆಯಿಂದ ಒಂದು ಶಪಥ ಮಾಡಿದೆ. ಫ್ರೀಡಾ ಐದು ದಿನದ ಡಬ್ಬಿ ಮೊದಲೇ ಮಾಡಿಟ್ಟರೆ ನಾನು ಮೂರು ತಿಂಗಳದ್ದು ಮಾಡಿಡುತ್ತೇನೆ! ಫ್ರೀಜರಿಲ್ಲದೆ! ಏನು ದೊಡ್ಡ ವಿಷಯ? ನಮ್ಮ ಕಡೆಯ ಹೆಂಗಸರು ಖಡಕ್ ರೊಟ್ಟಿ ಮಾಡಿ ಗಡಿಗೆಯಲ್ಲಿ ಪೇರಿಸಿಟ್ಟರೆ ಯಾವ ಐಸೂ ಬೇಡ, ಯಾವ ಕರೆಂಟೂ ಬೇಡ. ಬುತ್ತಿ ಕಟ್ಟುವುದನ್ನು ನನಗೆ ಕಲಿಸಲು ಬಂದಳು! ಇವಳ ಕಟ್ಲೆಟ್ಟು ಹುಟ್ಟುವ ಮೊದಲೇ ನಮ್ಮ ರೊಟ್ಟಿ ಎತ್ತಿನ ಗಾಡಿಯಲ್ಲಿ ಕೂತು ಪಂಢರಪುರ ನೋಡಿ ಬಂದಿದೆ.

“ಶುಕ್ರವಾರ ನೂರು ರೊಟ್ಟಿ ಬಡಿತೇನಿ. ಫ್ರೀಜರ್ ಗೀಜರ್ ಏನೂ ಬ್ಯಾಡ” ಎಂದು ಘೋಷಿಸಿದೆ.

“ಶುಕ್ರವಾರ ನಾವು ಫ್ರೈಡೇ ಮಾರ್ಕೆಟ್‌ಗೆ ಹೋಗಾಕತ್ತೇವಿ ಅತ್ತಿ” ಎಂದಳು ಸ್ನೇಹಾ.

“ಯಾಕ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಸೆಕೆಂಡ್‌ಹ್ಯಾಂಡ್ ಫ್ರೀಜರ್ ನೋಡಾಕ” ಎಂದ ಬಾಳಾಸಾಹೇಬ, ಚಹಾದ ಕಪ್ಪಿನ ತಳವನ್ನು ನೋಡುತ್ತಾ.

ಸರಿ! ಅವರು ಫ್ರೀಜರ್ ಹೊತ್ತು ತರುವ ಹೊತ್ತಿಗೆ ಮನೆಯಲ್ಲಿ ನೂರು ರೊಟ್ಟಿ ನಿಂತಿರಬೇಕು. ಬಾಗಿಲಲ್ಲೇ ಅದರ ಮುಖ ಸಣ್ಣದಾಗಿ ತಿರುಗಿ ಹೋಗಬೇಕು!

ಶುಕ್ರವಾರ ಐದಕ್ಕೆ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಜೋಳದ ಹಿಟ್ಟಿನ ಮುಂದೆ ಕುಳಿತೆ. ಪಟಪಟ ಪಟಪಟ! ಆರು ಗಂಟೆಗೆ ಕೆಳಗಿನ ಮನೆಯ ಈಜಿಪ್ಟಿನವರು ಕೋಲಿನಿಂದ ತಮ್ಮ ಚಾವಣಿಗೆ ಬಡಿದರು. ತಾಳ ಹಾಕುತ್ತಿದ್ದಾರೆ ಎಂದುಕೊಂಡು ನಾನು ಇನ್ನೂ ಜೋರಾಗಿ ಬಡಿದೆ. ಎಂಟಕ್ಕೆ ಮಗ ಸೊಸೆ ಅನಿಕೇತನನ್ನು ನನ್ನ ಬಳಿ ಬಿಟ್ಟು ಹೊರಟರು. ಹನ್ನೊಂದಕ್ಕೆ ನೂರನೇ ರೊಟ್ಟಿ ಹಂಚಿನಿಂದ ಇಳಿಯಿತು. ಸೊಂಟ ನನ್ನದು ಎಂದು ಅನಿಸಲಿಲ್ಲ, ಯಾರೋ ಎರವಲು ಕೊಟ್ಟು ಮರೆತಂತಿತ್ತು. ಆದರೂ ನೂರು!

ಈಗ ಬಂತು ತೊಡಕು. ಬೆಂದ ರೊಟ್ಟಿ ಮೆತ್ತಗಿರುತ್ತದೆ. ಅದು ಖಡಕ್ ಆಗಬೇಕಾದರೆ ಒಣ ಕಾವು ಬೇಕು. ಊರಲ್ಲಾದರೆ ಒಲೆಯ ಸುತ್ತ ಆನಿಸಿ ನಿಲ್ಲಿಸುತ್ತೇವೆ. ಇಲ್ಲಿ ಗ್ಯಾಸಿನ ಒಲೆಗೆ ಏನನ್ನು ಆನಿಸುವುದು? ಬಾಲ್ಕನಿಯಲ್ಲಿ ಹರಡಿದೆ. ಸೆಪ್ಟೆಂಬರಿನ ಬಿಸಿಲು, ಕಲ್ಲನ್ನೂ ಹಪ್ಪಳ ಮಾಡುವಂಥದ್ದು. ಆದರೆ ಎರಡು ನಿಮಿಷದಲ್ಲಿ ಫರ್ವಾನಿಯಾದ ಪಾರಿವಾಳಗಳಿಗೆಲ್ಲ ಸುದ್ದಿ ಮುಟ್ಟಿತು! ಇಲ್ಲಿ ಉಶ್ ಎಂದರೆ ಅಲ್ಲಿ ಇಳಿಯುತ್ತವೆ, ಅಲ್ಲಿ ಉಶ್ ಎಂದರೆ ನನ್ನ ತಲೆಯ ಮೇಲೆ.

ಪಾರಿವಾಳದ ಹಿಂದೆ ಓಡುತ್ತಾ ಗೋಡೆಗೆ ಬೆನ್ನು ತಾಗಿಸಿ ನಿಂತೆ ನೋಡಿ, ಬೆನ್ನಿಗೆ ಬುಸ್ಸೆಂದು ಬಿಸಿ ಗಾಳಿ ಹೊಡೆಯಿತು. ತಿರುಗಿದರೆ ನಮ್ಮ ಏಸಿಯ ಬೆನ್ನು! ಒಳಗೆ ತಣ್ಣಗೆ ಊದುವ ಪೆಟ್ಟಿಗೆ ಹಿಂದಿನಿಂದ ಹೊರಗೆ ಕುಲುಮೆಯಂತೆ ಊದುತ್ತಿದೆ. ಒಣ ಕಾವು! ಹೊಗೆಯಿಲ್ಲ, ಬೂದಿಯಿಲ್ಲ. ಅದೂ ಒಂದಲ್ಲ, ಹಾಲಿನದೊಂದು, ಮಲಗುವ ಕೋಣೆಯದೊಂದು, ಅಕ್ಕಪಕ್ಕ ಎರಡು ಒಲೆ! ಇಂಥ ಕಾವನ್ನು ಮೂರು ವರ್ಷದಿಂದ ಗಾಳಿಗೆ ಬಿಟ್ಟಿದ್ದಾರೆ. ಇವರಿಗೆ ಸಂಸಾರ ಗೊತ್ತಿದೆಯೇ?

ನನ್ನ ಜಾಣತನಕ್ಕೆ ನಾನೇ ಬೆರಗಾದೆ. ಬಟ್ಟೆ ಒಣಹಾಕುವ ಹಗ್ಗವನ್ನು ಎರಡು ಏಸಿಗಳ ಸುತ್ತ ಅಡ್ಡಡ್ಡ ಬಿಗಿದೆ. ಸಂದಿಗೆ ಎರಡೆರಡು ರೊಟ್ಟಿ ಸಿಕ್ಕಿಸಿ, ಕ್ಲಿಪ್ಪು ಹಾಕಿ, ಒಂದರ ಬೆನ್ನಿಗೆ ಐವತ್ತು, ಇನ್ನೊಂದರ ಬೆನ್ನಿಗೆ ಐವತ್ತು ಹೊದಿಸಿದೆ. ಪಾರಿವಾಳದ ಕಣ್ಣು ಬೀಳದಿರಲೆಂದು ಮೇಲಿನಿಂದ ನನ್ನ ಇಳಕಲ್ ಸೀರೆಯನ್ನು ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದೆ. ಎರಡು ಏಸಿಗಳೂ ಹೊಸ ಮದುಮಗಳಂತೆ ಸೆರಗು ಹೊದ್ದು ನಿಂತವು. ಒಳಗೆ ಬಂದು ಕಾಲು ಚಾಚಿ ಕುಳಿತೆ. ಫ್ರೀಡಾ, ಬಾ, ನಿನ್ನ ಫ್ರೀಜರನ್ನು ಇದರ ಪಕ್ಕ ನಿಲ್ಲಿಸು ನೋಡೋಣ!

ಅರ್ಧ ಗಂಟೆಯಾಗಿರಬೇಕು. ಹಾಲಿನ ಏಸಿ ಗುರ್ರ್ ಎಂದು ಕೆಮ್ಮಿತು. ನಂತರ ಹಲ್ಲು ಕಡಿದಂತೆ ಕಟಕಟ ಎಂದಿತು. ಕೋಣೆಯದೂ ಅದಕ್ಕೆ ಉತ್ತರ ಕೊಟ್ಟಿತು. ಆಮೇಲೆ ಎರಡೂ ಸುಮ್ಮನಾದವು. ಸುಟ್ಟ ವಾಸನೆ ಬಂತು. ರೊಟ್ಟಿ ಚೆನ್ನಾಗಿ ಗರಿಯಾಗುತ್ತಿದೆ ಎಂದುಕೊಂಡೆ.

“ಅಜ್ಜಿ! ಏಸಿ ಈಸ್ ಡೆಡ್!” ಎಂದು ಅನಿಕೇತ ಕಿರುಚಿದ.

“ಸತ್ತಿಲ್ಲೋ. ದಣಿದೈತಿ. ನಾನೂ ದಣಿದೇನಿಲ್ಲ?” ಎಂದೆ.

ಹತ್ತು ನಿಮಿಷದಲ್ಲಿ ಮನೆ ಕುದಿಯತೊಡಗಿತು. ಗಾಳಿ ಬರಲೆಂದು ಕಿಟಕಿ ತೆರೆದೆ. ಬಂತು! ಬಂದ ಗಾಳಿ ಕೆನ್ನೆಗೆ ಇಸ್ತ್ರಿ ಪೆಟ್ಟಿಗೆ ಇಟ್ಟಂತಿತ್ತು. ಕಿಟಕಿ ಮುಚ್ಚಿದೆ. ಮೊಮ್ಮಗ ಅಂಗಿ ಬಿಚ್ಚಿದ, ಬನಿಯನ್ ಬಿಚ್ಚಿದ, ಇನ್ನು ಬಿಚ್ಚಲು ಮರ್ಯಾದೆ ಒಂದೇ ಉಳಿದಾಗ ಕೆಳಗೆ ಪಿಕಪ್ಪಿನ ಹಾರ್ನ್ ಕೇಳಿತು.

ಬಾಳಾಸಾಹೇಬನ ಜೊತೆ ಕೆಲಸ ಮಾಡುವ ಡ್ರೈವರ್ ಮೊಯ್ದೀನ್ ಕುಂಞಿ, ಜುಮ್ಮಾ ನಮಾಜು ಮುಗಿಸಿ, ಫ್ರೀಜರನ್ನು ಪಿಕಪ್ಪಿನಲ್ಲಿ ತಂದಿದ್ದ. ಮಗ ಮುಂದೆ, ಅವನು ಹಿಂದೆ, ನಡುವೆ ಆ ಬಿಳಿ ಪೆಟ್ಟಿಗೆ. ಬಾಗಿಲು ತೆರೆದದ್ದೇ ಮಗ ಹಿಂದಕ್ಕೆ ಹೆಜ್ಜೆ ಇಟ್ಟ.

“ಅವ್ವಾ! ಮನಿ ಯಾಕ ಹಿಂಗ ಕಾದೈತಿ?”

“ಏಸಿ ಎರಡೂ ನಿಂತಾವಪಾ. ನೀ ಹಚ್ಚಿದ್ದ ಮಾಲು, ಒಂದ ಹೊತ್ತಿಗೆ ಸುಸ್ತಾತು” ಎಂದೆ. ತಪ್ಪನ್ನು ಮೊದಲು ಬೇರೆಯವರ ಮೇಲೆ ಹಾಕಿ ನೋಡುವುದು ಒಳ್ಳೆಯದು, ಒಮ್ಮೊಮ್ಮೆ ನಿಲ್ಲುತ್ತದೆ.

ಅವನು ಬಾಲ್ಕನಿಗೆ ಹೋದ. ಸೀರೆ ನೋಡಿದ. ಗಂಟು ಬಿಚ್ಚಿದ. ಒಂದೊಂದಾಗಿ ರೊಟ್ಟಿ ಕೆಳಗೆ ಬಿದ್ದವು, ಕಟ್, ಕಟಾರ್, ಕಟ್! ಏನು ಗರಿ, ಏನು ಬಣ್ಣ! ಮಗ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಳಿತ.

“ಇಡೀ ಕುವೈತಿನ ಏಸಿ ಬದುಕಿಸ್ತೇನಿ ಬೇ ನಾನು! ನನ್ನ ಮನಿ ಏಸಿಗೆ ನಮ್ಮವ್ವನ ಉರ್ಲ ಹಾಕಿಬಿಟ್ಟಾಳ! ಅದು ಬಿಸಿ ಗಾಳಿ ಹೊರಗ ಹಾಕಬೇಕು, ನೀ ಅದರ ಮೂಗು ಬಾಯಿ ಎಲ್ಲಾ ಕಟ್ಟೀದಿ. ಮೋಟಾರ್ ಎರಡೂ ಸುಟ್ಟಾವ!”

“ಬಾಳಾಭಾಯಿ,” ಎಂದ ಮೊಯ್ದೀನ್ ಕುಂಞಿ. ಅವನ ಬಾಯಿ ತುಂಬಿತ್ತು. “ಏಸಿ ಹೋದ್ರೆ ಹೋಯ್ತು, ರೊಟ್ಟಿ ಭಾರೀ ಲಾಯ್ಕುಂಟು. ಅಮ್ಮ, ನಮ್ಮ ರೂಮಿನವರಿಗೆ ಹತ್ತು ತಕ್ಕೊಂಡು ಹೋಗ್ಲಾ?”

ಇಡೀ ಕುವೈತಿನಲ್ಲಿ ಅವನೊಬ್ಬನೇ ಒಳ್ಳೆಯ ಮನುಷ್ಯ ಎಂದು ನನಗೆ ಆಗ ಅನಿಸಿತು. ಹನ್ನೆರಡು ಕೊಟ್ಟೆ.

ಶುಕ್ರವಾರ ಬಿಡಿಭಾಗದ ಅಂಗಡಿ ತೆರೆಯುವುದಿಲ್ಲ. ನಾಳೆಯವರೆಗೆ ನಾವು ಎಲ್ಲಿ ಕೂಡಬೇಕು? ಕೇಳುವುದೇ ಬೇಡ. ಎದುರು ಮನೆಯ ಬಾಗಿಲು ತೆರೆಯಿತು. ಎರಡು ಕೈಯಲ್ಲೂ ಕಡಲೆ ಹಿಟ್ಟು ಮೆತ್ತಿಕೊಂಡು ಫ್ರೀಡಾ ನಿಂತಿದ್ದಳು.

“ಅಯ್ಯೋ ದೇವರೇ! ಬನ್ನಿ ಅಮ್ಮ, ಒಳಗೆ ಬನ್ನಿ! ಈ ಸೆಕೆಯಲ್ಲಿ ಎಂತ ಅಲ್ಲಿ ನಿಲ್ಲುದು?”

ಯಾವ ಮನೆಯನ್ನು ಸೋಲಿಸಲು ನಾನು ನೂರು ರೊಟ್ಟಿ ಬಡಿದೆನೋ ಅದೇ ಮನೆಯ ಸೋಫಾದ ಮೇಲೆ, ಅವರ ಏಸಿಯ ತಂಪಿನಲ್ಲಿ, ಬೆವರು ಆರಿಸಿಕೊಳ್ಳುತ್ತಾ ಕುಳಿತೆ. ಆ ತಂಪು ಮೈಗೆ ಹಿತವಾಗಿತ್ತು. ಮನಸ್ಸಿಗೆ ಮೆಣಸಿನಕಾಯಿ ಅರೆದು ಹಚ್ಚಿದಂತಿತ್ತು.

ಅಲ್ಲಿ ಏನು ನೋಡುವುದು! ಅಡುಗೆಮನೆಯಲ್ಲ ಅದು, ಕಾರ್ಖಾನೆ. ಫ್ರೀಡಾಳ ಗಂಡ ಬೊನವೆಂಚರ್ ಸ್ಟೂಲಿನ ಮೇಲೆ ಕುಳಿತು ಕಣ್ಣೀರು ಸುರಿಸುತ್ತಾ ಈರುಳ್ಳಿ ಕೊಚ್ಚುತ್ತಿದ್ದಾನೆ. ಆಲ್ರೊಯ್ ಮುಚ್ಚಳ ಜೋಡಿಸುತ್ತಿದ್ದಾನೆ. ಪುಟ್ಟ ಶರ್ಲಿ ಲಿಂಬೆಹಣ್ಣಿನ ಬೀಜ ತೆಗೆಯುತ್ತಿದ್ದಾಳೆ. ನೋಡುನೋಡುತ್ತಿದ್ದಂತೆ ನನ್ನ ಸೊಸೆಯೂ ಸೆರಗು ಸಿಕ್ಕಿಸಿ ಕಟ್ಲೆಟ್ ತಟ್ಟಲು ನಿಂತಳು! ಇಬ್ಬರೂ ನಗುತ್ತಾರೆ, ಪಿಸುಗುಡುತ್ತಾರೆ. ನನ್ನ ಜೊತೆ ರೊಟ್ಟಿ ಬಡಿಯಲು ಕುಳಿತರೆ ಇವಳಿಗೆ ಹತ್ತು ನಿಮಿಷದಲ್ಲಿ ಕಾಲು ಜೋಮು ಹಿಡಿಯುತ್ತದೆ. ಅಲ್ಲಿ ಒಂದು ಗಂಟೆ ನಿಂತರೂ ಕಾಲು ಸೊಸೆಯದೇ, ಜೋಮು ನನ್ನದು!

ಫ್ರೀಡಾ ಒಂದು ಬಿಸಿ ಕಟ್ಲೆಟ್ ತಟ್ಟೆಯಲ್ಲಿಟ್ಟು ತಂದಳು. “ತಿನ್ನಿ ಅಮ್ಮ. ಮೊಟ್ಟೆ ಇಲ್ಲ, ರವೆಯಲ್ಲಿ ಹೊರಳಿಸಿದ್ದು. ಮೀನಿನ ಬಾಣಲೆ ಬೇರೆಯೇ ಉಂಟು.”

ತಿಂದೆ. ಕೆಟ್ಟದಾಗಿರಲಿ ಎಂದು ಬಸವಣ್ಣನಿಗೆ ಮನಸ್ಸಿನಲ್ಲೇ ಕೈಮುಗಿದು ತಿಂದೆ. ಚೆನ್ನಾಗಿತ್ತು! ಅದೇ ಸಂಕಟ. ಇನ್ನೊಂದು ಬೇಕು ಎನ್ನುವಷ್ಟು ಚೆನ್ನಾಗಿತ್ತು.

“ಹೆಂಗೈತ್ರಿ ಅತ್ತಿ?” ಎಂದಳು ಸ್ನೇಹಾ.

“ಉಪ್ಪು ಒಂಚೂರು ಕಮ್ಮಿ” ಎಂದೆ.

ಫ್ರೀಡಾ ಅದನ್ನು ನಿಜವೆಂದು ನಂಬಿ, “ಅಲ್ವಾ? ನಂಗೂ ಹಾಗೇ ಅನಿಸಿತು. ಬೊನಾ, ಉಪ್ಪು ಕೊಡಿ!” ಎಂದು ಇಡೀ ಪಾತ್ರೆಗೆ ಇನ್ನೊಂದು ಚಿಟಿಕೆ ಉದುರಿಸಿದಳು. ಅವಳ ಮುಖದಲ್ಲಿ ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಗೊತ್ತೇ? ಆದರೂ ಪಟ್ಟೆ. ಅರ್ಧಕ್ಕೆ ಬಿಡುವ ಸ್ವಭಾವ ನನ್ನದಲ್ಲ.

ಮಾತಿಗೆ ಮಾತು ಬಂದು ಬೊನವೆಂಚರ್ ಹೇಳಿದ: “ಆಲ್ರೊಯ್ ಬರ್ತ್‌ಡೇಗೆ ಫ್ರೀಡಾ ಇಡೀ ಕ್ಲಾಸಿಗೆ ಕಟ್ಲೆಟ್ ಕಳಿಸಿದ್ಲು ಅಮ್ಮ. ಇವತ್ತಿಗೂ ಆ ಟೀಚರ್ ನೆನಪು ಮಾಡ್ತಾರೆ.”

ಇಡೀ ಕ್ಲಾಸಿಗೆ! ಟೀಚರ್ ನೆನಪು ಮಾಡುತ್ತಾರೆ! ನನ್ನ ಕಿವಿಗೆ ಆ ಮಾತು ಬಿದ್ದದ್ದೇ ತಡ, ಮೂರು ತಿಂಗಳ ಬುತ್ತಿ, ಗಡಿಗೆ, ಶಪಥ ಎಲ್ಲ ಮರೆತುಹೋಯಿತು. ಮುರಿದವು, ಮೊಯ್ದೀನ್ ಕುಂಞಿ ಒಯ್ದವು, ಏಸಿಯ ಹೊಟ್ಟೆಗೆ ಹೋದವು ಬಿಟ್ಟು ಅರವತ್ತು ರೊಟ್ಟಿ ಉಳಿದಿದ್ದವು. ಶನಿವಾರ ಬೆಳಿಗ್ಗೆ ಅರವತ್ತನ್ನೂ ಒಂದು ಬಟ್ಟೆಯ ಚೀಲಕ್ಕೆ ತುಂಬಿದೆ. ಶೇಂಗಾ ಚಟ್ನಿಯ ದೊಡ್ಡ ಡಬ್ಬಿ ಬೇರೆ.

“ಎಲ್ಲಾರಿಗೂ ಕೊಡು. ಟೀಚರಿಗೆ ಎರಡು ಕೊಡು. ನಮ್ಮಜ್ಜಿ ಮಾಡ್ಯಾಳ ಅಂತ ಹೇಳು. ಮರೀಬ್ಯಾಡ!” ಎಂದೆ. ಅನಿಕೇತ ಆ ಚೀಲವನ್ನು ಸ್ಕೂಲ್ ಬಸ್ಸಿಗೆ ಏರಿಸಿದ್ದನ್ನು ಬಾಲ್ಕನಿಯಿಂದ ನೋಡಿದೆ. ನನ್ನ ದಂಡು ಯುದ್ಧಕ್ಕೆ ಹೊರಟಂತೆ ಕಂಡಿತು.

ಮಧ್ಯಾಹ್ನ ಹುಡುಗ ಬಂದ. ಚೀಲ ಖಾಲಿ! ಚಟ್ನಿಯ ಡಬ್ಬಿ ನೆಕ್ಕಿದಂತೆ ಖಾಲಿ! ಕೈಯಲ್ಲಿ ಟೀಚರಿನ ಚೀಟಿ. ನನ್ನ ಎದೆ ಉಬ್ಬಿತು. ಸ್ನೇಹಾ ಓದಿದಳು. ಓದುತ್ತಾ ಅವಳ ತುಟಿ ನಡುಗಿತು.

“ಏನ ಬರದಾರವಾ? ಭಾಳ ಹೊಗಳ್ಯಾರೇನು?”

“ಹೂಂ ಅತ್ತಿ. ರೊಟ್ಟಿ ಭಾಳ ಛಲೋ ಇದ್ದುವಂತ. ಆದ್ರ ಊಟದ ಬೆಲ್ಲು ಮುಗದ ಮ್ಯಾಲೂ ಮೂವತ್ತ ಹುಡುಗರು ಬೆಂಚಿನ ಕೆಳಗ ಇಟಗೊಂಡು ಕಟಂ ಕಟಂ ಅಂತ ಕಡಿಯಾಕತ್ತಿದ್ರಂತ. ಗಣಿತದ ಪಾಠ ಕೇಳಿಸಲೇ ಇಲ್ಲಂತ. ಇನ್ನ ಮ್ಯಾಲೆ ಸಪ್ಪಳ ಮಾಡುವಂಥ ಊಟ ಕಳಿಸಬ್ಯಾಡ್ರಿ ಅಂತ ಬರದಾರ.”

ಇರಲಿ! ಗಣಿತ ಹಾಳಾದರೂ ಗೆದ್ದದ್ದು ನಾನೇ! ಮೂರು ತಿಂಗಳ ಬುತ್ತಿ ಮೂರನೇ ಪೀರಿಯಡ್ಡಿಗೆ ಖಲಾಸ್ ಆಯಿತೆಂಬ ಲೆಕ್ಕ ನನಗೆ ಆಗ ಹೊಳೆಯಲೇ ಇಲ್ಲ. ಮೊಮ್ಮಗನನ್ನು ತೊಡೆಯ ಮೇಲೆ ಎಳೆದುಕೊಂಡೆ.

“ನನ್ನ ಬಂಗಾರ! ನೀ ಎಷ್ಟ ರೊಟ್ಟಿ ತಿಂದಿ?”

“ನೋ ಅಜ್ಜಿ. ನಾನು ತಿನ್ಲಿಲ್ಲ.”

“ಮತ್ತ ಉಪವಾಸ ಇದ್ದೇನೋ?”

“ಐ ಹ್ಯಾಡ್ ಆಲ್ರೊಯ್ಸ್ ಕಟ್ಲೆಟ್. ಟುಡೇ ಇಟ್ ವಾಸ್ ಸೋ ಗುಡ್ ಅಜ್ಜಿ! ಉಪ್ಪು ಸರಿ ಇತ್ತು!”

ಸೊಂಟ ಮುರಿದುಕೊಂಡು, ಎರಡು ಏಸಿ ಕೊಂದು, ಇಡೀ ಕ್ಲಾಸಿಗೆ ಊಟ ಹಾಕಿದವಳು ನಾನು. ನನ್ನ ಒಬ್ಬನೇ ಮೊಮ್ಮಗನ ಹೊಟ್ಟೆ ತುಂಬಿಸಿದವಳು ಫ್ರೀಡಾ. ಅದೂ ಇನ್ನಷ್ಟು ರುಚಿಯಾಗಿ, ನನ್ನದೇ ಸಲಹೆಯಿಂದ! ಬಾಳಾಸಾಹೇಬ ಆಗತಾನೆ ಹೊಸ ಮೋಟಾರ್ ಕೂರಿಸಿ ಕೈ ಒರೆಸಿಕೊಳ್ಳುತ್ತಾ ಬಂದು ಮೆಲ್ಲಗೆ ಹೇಳಿದ: “ಅವ್ವಾ, ಮುಂದಿನ ತಿಂಗಳ ಟಿಕೆಟ್ ನೋಡಲೇನು? ಊರಾಗ ಆರಾಮ ಇರ್ತಿ.”

“ನೋಡಪಾ” ಎಂದೆ. ಇನ್ನೇನು ಹೇಳಲಿ? ಸೋತವರಿಗೆ ಆರಾಮ ಬಿಟ್ಟು ಬೇರೆ ಏನು ಸಿಗುತ್ತದೆ?

ಆಗ ಬಾಗಿಲು ಬಡಿದ ಸದ್ದು. ಬಡಿದದ್ದಲ್ಲ, ಗುದ್ದಿದ್ದು. ತೆರೆದರೆ ಆಸ್ಪತ್ರೆಯ ಬಿಳಿ ಬಟ್ಟೆಯಲ್ಲೇ ಫ್ರೀಡಾ. ಮುಖ ಕೆಂಪಗೆ, ಉಸಿರು ಜೋರು. ಲಿಪ್‌ಸ್ಟಿಕ್ ಅಳಿಸಿಹೋಗಿತ್ತು.

“ಅಮ್ಮ, ನೀವು ಆ ರೊಟ್ಟಿಗೆ ಎಂತ ಹಾಕಿದ್ದು?”

“ಜ್ವಾಳದ ಹಿಟ್ಟು. ಬಿಸಿನೀರು. ಯಾಕವಾ?”

“ನಮ್ಮ ಆಲ್ರೊಯ್ ನಾನು ಕೊಟ್ಟ ಡಬ್ಬಿ ನಿಮ್ಮ ಅನಿಕೇತನಿಗೆ ಕೊಟ್ಟಿದ್ದಾನೆ. ಅವನು ನಾಲ್ಕು ರೊಟ್ಟಿ ತಿಂದಿದ್ದಾನೆ. ಶರ್ಲಿ ಅವಳ ಡಬ್ಬಿ ತೆರೀಲೇ ಇಲ್ಲ, ಅಣ್ಣನ ಹತ್ತಿರ ಹೋಗಿ ಎರಡು ತಿಂದಿದ್ದಾಳೆ. ನಾಳೆ ರೊಟ್ಟಿಯೇ ಬೇಕಂತೆ! ಅಲ್ಲಿ ಫ್ರೀಜರಿನಲ್ಲಿ ನನ್ನ ಎಂಟು ಡಬ್ಬಿ ಸಾಲಾಗಿ ಕೂತಿದೆ, ಅದನ್ನು ನಾನೇ ತಿನ್ಬೇಕಾ?” ಅವಳ ಕಣ್ಣಲ್ಲಿ ನೀರಿತ್ತು. “ಇಡೀ ಶುಕ್ರವಾರ ನಿಂತು ಮಾಡಿದ್ದು ಅಮ್ಮ. ನಂಗೆ ಹೊಟ್ಟೆ ಉರೀತದೆ, ಸುಳ್ಳು ಯಾಕೆ ಹೇಳುದು?”

ನೋಡಿ, ನಾನು ಎಂಥ ಕೆಟ್ಟವಳು! ಆ ಮಾತು ಕೇಳಿದ್ದೇ ನನಗೆ ಮೈಯೆಲ್ಲ ತಂಪಾಯಿತು. ಎರಡು ಏಸಿ ಒಟ್ಟಿಗೆ ಹಚ್ಚಿದರೂ ಅಷ್ಟು ತಂಪು ಬರುವುದಿಲ್ಲ. “ಬಾ ನಮ್ಮವ್ವಾ, ಕೂಡು ಬಾ” ಎಂದು ಕೈಹಿಡಿದು ಕೂರಿಸಿದೆ. ನೀರು ಕೊಟ್ಟೆ. “ನನ್ನ ಮೊಮ್ಮಗ ನಿನ್ನ ಕಟ್ಲೆಟ್ ತಿಂದು ನನ್ನ ಹೊಟ್ಟಿ ಉರಿಸ್ಯಾನ. ಇಬ್ಬರದೂ ಒಂದ ಬ್ಯಾನಿ” ಎಂದೆ.

“ಮತ್ತೆ ಹೀಗೆ ಮಾಡುವ” ಎಂದಳು ಫ್ರೀಡಾ, ಮೂಗು ಒರೆಸಿಕೊಂಡು. ನರ್ಸಮ್ಮ ಅಲ್ಲವೇ, ಕಾಯಿಲೆ ಗೊತ್ತಾದ ಕೂಡಲೇ ಮದ್ದು ಹೇಳುತ್ತಾಳೆ. “ನಾಳೆಯಿಂದ ನಮ್ಮ ಮಕ್ಕಳಿಗೆ ನೀವು ರೊಟ್ಟಿ ಕಟ್ಟಿ. ಖಡಕ್ ಬೇಡ, ಮೆತ್ತಗಿನದ್ದು, ಆ ಟೀಚರಿನ ಗಲಾಟೆ ಬೇಡ. ಅನಿಕೇತನ ಡಬ್ಬಿ ನನ್ನ ಫ್ರೀಜರಿನಿಂದ.”

ಬಾಳಾಸಾಹೇಬ ಗಂಟಲು ಸರಿಮಾಡಿಕೊಂಡ. “ಅಕ್ಕಾರ, ಅವ್ವ ಮುಂದಿನ ತಿಂಗಳು ಊರಿಗೆ...”

ಫ್ರೀಡಾ ತಿರುಗಿದ ರಭಸಕ್ಕೆ ಮಗ ಒಂದು ಹೆಜ್ಜೆ ಹಿಂದೆ ಸರಿದ. “ಎಂತ ಊರು? ಅಮ್ಮ ಹೋದ್ರೆ ನನ್ನ ಮಕ್ಕಳಿಗೆ ರೊಟ್ಟಿ ನೀವು ಬಡೀತೀರಾ? ಟಿಕೆಟ್ ಗಿಕೆಟ್ ಎಲ್ಲ ಮಾರ್ಚಿನಲ್ಲಿ ಪರೀಕ್ಷೆ ಮುಗಿದ ಮೇಲೆ ನೋಡುವ!”

ಹಡೆದವಳು ಹೇಳಲಾಗದ ಮಾತನ್ನು ಎದುರು ಮನೆಯವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ನನ್ನ ಮಗನ ಮನೆಯಲ್ಲಿ ನನ್ನ ಜಾಗ ಉಳಿಸಿದ್ದು ನನ್ನ ನೂರು ರೊಟ್ಟಿಯಲ್ಲ, ಫ್ರೀಡಾಳ ಬಾಯಿ! ಇದಕ್ಕಿಂತ ದೊಡ್ಡ ಸೋಲು ಇನ್ನೇನಿದೆ? ಆದರೆ ಸೋಲು ಇಷ್ಟು ರುಚಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಒಪ್ಪಂದದಂತೆ ನಡೆಯಿತು. ನನ್ನ ರೊಟ್ಟಿ ನೀಲಿ ಮುಚ್ಚಳದಲ್ಲೂ ಕೆಂಪು ಮುಚ್ಚಳದಲ್ಲೂ ಹೋಯಿತು. ಫ್ರೀಡಾಳ ಲಿಂಬೆ ಅನ್ನ ಅನಿಕೇತನ ಡಬ್ಬಿಯಲ್ಲಿ ಹೋಯಿತು. ಸೋಮವಾರವೂ ಹಾಗೇ. ಎಲ್ಲ ಡಬ್ಬಿಯೂ ಖಾಲಿಯಾಗಿ ಬಂದವು. ಮಗ ತಂದ ಫ್ರೀಜರ್ ನನ್ನ ಜೋಳದ ಹಿಟ್ಟಿನ ಚೀಲ ಹೊತ್ತು ಮೂಲೆಯಲ್ಲಿ ನಿಂತಿತ್ತು. ನಾನೂ ಫ್ರೀಡಾಳೂ ಲಿಫ್ಟಿನ ಮುಂದೆ ನಿಂತು, ಎರಡು ದೇಶಗಳ ಜಗಳ ಬಗೆಹರಿಸಿದ ಮಂತ್ರಿಗಳಂತೆ ಒಬ್ಬರ ಬೆನ್ನು ಒಬ್ಬರು ಚಪ್ಪರಿಸಿಕೊಂಡೆವು.

ಮಂಗಳವಾರ ಸಂಜೆ ಶರ್ಲಿ ನಮ್ಮ ಮನೆಗೆ ಆಡಲು ಬಂದಳು. ಆರು ವರ್ಷದ ಹುಡುಗಿ. ಹಲ್ಲು ಎರಡು ಬಿದ್ದಿವೆ. ಆ ಸಂದಿಯಿಂದ ಯಾವ ಗುಟ್ಟೂ ಒಳಗೆ ನಿಲ್ಲುವುದಿಲ್ಲ.

“ಅಜ್ಜಿ, ಆಲ್ರೊಯ್ ಮತ್ತೆ ಅನಿಕೇತ ದಿನಾ ಚೇಂಜ್ ಮಾಡ್ತಾರೆ.”

“ಏನ ಚೇಂಜ್?”

“ಟಿಫಿನ್! ಬಸ್ಸಿನಲ್ಲೇ. ಅನಿಕೇತ ನಿಮ್ಮ ರೊಟ್ಟಿ ತಿಂತಾನೆ, ಆಲ್ರೊಯ್ ಮಮ್ಮಿ ಮಾಡಿದ್ದು ತಿಂತಾನೆ.”

ನಾನು ಹೋಗಿ ಫ್ರೀಡಾಳನ್ನು ಕರೆತಂದೆ. ಇಬ್ಬರೂ ಸೇರಿ ಅನಿಕೇತನನ್ನು ಗೋಡೆಗೆ ನಿಲ್ಲಿಸಿ ಕೇಳಿದೆವು. ಹೋದ ವಾರ ಮನೆಯ ರೊಟ್ಟಿ ಬೇಡ ಎಂದವನು ನೀನು. ಮನೆಯ ಕಟ್ಲೆಟ್ ಬೇಡ ಎಂದವನು ಅವನು. ಬೇಕೆಂದದ್ದನ್ನೇ ಕಟ್ಟಿ ಕೊಟ್ಟೆವು. ಮತ್ತೆ ಯಾಕೆ ಬದಲಾಯಿಸಿದಿರಿ?

ಅನಿಕೇತ ನಮ್ಮಿಬ್ಬರನ್ನೂ ಬುದ್ಧಿಯಿಲ್ಲದವರನ್ನು ನೋಡುವಂತೆ ನೋಡಿದ.

“ಬಟ್ ಅಜ್ಜಿ, ನನ್ನ ಡಬ್ಬಿಯಲ್ಲಿ ಇದ್ರೆ ಅದು ನಂದೇ ಅಲ್ವಾ? ನಂದು ನಾನೇ ತಿಂದ್ರೆ ಅದ್ರಲ್ಲಿ ಏನ್ ಮಜಾ?”

ಫ್ರೀಡಾ ನನ್ನ ಮುಖ ನೋಡಿದಳು. ನಾನು ಫ್ರೀಡಾಳ ಮುಖ ನೋಡಿದೆ. ಅವಳು ಮೊದಲು ನಕ್ಕಳೋ ನಾನು ನಕ್ಕೆನೋ ತಿಳಿಯದು. ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಬಡಿಯುವವರೆಗೆ ನಕ್ಕೆವು.

ಬುಧವಾರ ನಾಲ್ಕೂವರೆಗೆ ಎದ್ದೆ. ನೀಲಿ, ಕೆಂಪು ಮುಚ್ಚಳದ ಎರಡು, ಫ್ರೀಡಾಳ ಕಟ್ಲೆಟ್ ತುಂಬಿದ ಅನಿಕೇತನದೊಂದು, ಹೀಗೆ ಮೂರು ಡಬ್ಬಿ ಸಾಲಾಗಿ ಇಟ್ಟೆ. ಯಾವುದು ಯಾರ ಹೊಟ್ಟೆಗೆ ಹೋಗುತ್ತದೆಂದು ಕೇಳುವ ಗೋಜಿಗೆ ಹೋಗಲಿಲ್ಲ. ಹಂಚು ಒಲೆಯ ಮೇಲಿಟ್ಟು, ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದು, ಕಲಸಿ, ಮೊದಲ ಉಂಡೆ ಹಿಡಿದು ಬಡಿಯತೊಡಗಿದೆ.